ಆರನೆಯ ಚುಕ್ಕಿ

ಮೊಳಕೈಯಿಂದ ಮಣಿಕಟ್ಟಿನವರೆಗೆ
ನೀಲಿ ಪೆನ್ನಿನಲ್ಲಿ ಎರಡು ಸಾಲು ಚುಕ್ಕಿ ಇಟ್ಟಳು ನರ್ಸು,
ರಂಗೋಲಿಗೆ ಕೂತವಳ ಹಾಗೆ.
ಒಂದೊಂದಕ್ಕೂ ಒಂದು ಹನಿ, ಒಂದು ಚುಚ್ಚು.
ದೂಳಿನ ಹುಳ, ಜಿರಲೆ, ಕಾಂಗ್ರೆಸ್ ಗಿಡದ ಹೂಪುಡಿ,
ಬೂಷ್ಟು, ಬೆಕ್ಕು.
ಆರನೆಯದು ನಾಯಿ.

ಇಪ್ಪತ್ತು ನಿಮಿಷ ಕೆರೆಯಬಾರದು ಎಂದಳು.
ಗಡಿಯಾರ ನೋಡುತ್ತ ಕೂತೆ.
ಕಾಂಗ್ರೆಸ್ ಗಿಡವೇ ಆಗಲಿ ತಾಯೀ,
ಮೈಸೂರಿನ ಖಾಲಿ ಸೈಟುಗಳನ್ನೆಲ್ಲ
ನಾನೊಬ್ಬಳೇ ಕಿತ್ತು ಹಸನು ಮಾಡುತ್ತೇನೆ.
ಎದ್ದದ್ದು ಆರನೆಯದು,
ಎಣ್ಣೆಗೆ ಬಿಟ್ಟ ಬೋಂಡದ ಹಾಗೆ.

‘ಕೂದಲಲ್ಲಮ್ಮ,’ ಡಾಕ್ಟರು ಸ್ಕೇಲಿಟ್ಟು ಅಳೆದರು,
‘ಮೈಹೊಟ್ಟು, ಜೊಲ್ಲು. ಕಣ್ಣಿಗೆ ಕಾಣೋದಲ್ಲ.
ಒಂದೋ ಅದು ಹೊರಗಿರಲಿ,
ಇಲ್ಲಾ ಯಾರಿಗಾದರೂ...’
ಮಾತು ಮುಗಿಸದೆ ಎರಡು ಪಂಪು ಬರೆದುಕೊಟ್ಟರು.

ಕವಡೆಗೆ ಮೊದಲು ಮಲಗುವ ಕೋಣೆ ಬಂದಾಯಿತು.
ಬೆನ್ನ ತುಂಬ ಬಿಳಿ ಮಚ್ಚೆ ಅದಕ್ಕೆ;
ಚೌಕಾಬಾರದಲ್ಲಿ ನನಗೆ ಸೋತ ಸಂಜೆ ಇವರಿಟ್ಟ ಹೆಸರು.
ಆಮೇಲೆ ಸೋಫಾ. ಆಮೇಲೆ ನಡುಮನೆ.
ವಾರಕ್ಕೆರಡು ಸಲ ಬೇವಿನ ಸೋಪು ಹಾಕಿ ತಿಕ್ಕಿದರು ಇವರು,
ಪರದೆ ಬಿಚ್ಚಿದರು, ಜಮಖಾನ ಸುತ್ತಿ ಅಟ್ಟಕ್ಕೆ ಎಸೆದರು.
ಆದರೂ ರಾತ್ರಿ ಎರಡಕ್ಕೆ ನನ್ನ ಎದೆಯಲ್ಲಿ
ಕೂಗಲಾರದ ಕುಕ್ಕರು: ಸುಯ್, ಸುಯ್.
ಅದಕ್ಕೆ ಮೊದಲು ಎಚ್ಚರವಾಗುತ್ತಿದ್ದದ್ದು ಕವಡೆಗೇ.
ಮುಚ್ಚಿದ ಕದವನ್ನು ಪರಪರ ಕೆರೆದು
ಇವರನ್ನು ಎಬ್ಬಿಸುತ್ತಿತ್ತು.

ಒಂದು ಭಾನುವಾರ
ಅನ್ನದ ತಟ್ಟೆ ಜಗಲಿಗಿಟ್ಟು
ನಾನೇ ಬೆರಳು ತೋರಿಸಿದೆ,
‘ಹೊರಗೆ.’

ಹೊರಗೆ.
ಎಷ್ಟು ವರ್ಷವಾಗಿತ್ತು
ಈ ಬಾಗಿಲಲ್ಲಿ ಆ ಮಾತು ನಿಂತು.
ಹನ್ನೆರಡು ವರ್ಷದವಳು ನಾನು,
ಅಗ್ರಹಾರದ ಇದೇ ಜಗಲಿ, ಇದೇ ಮೂಲೆ,
ಚಾಪೆ, ಚೊಂಬು, ಎತ್ತರದಿಂದ ಬೀಳುವ ಅನ್ನ.
ಬಂದವರಿಗೆಲ್ಲ ಸೋದರತ್ತೆ ಪಿಸುದನಿಯಲ್ಲಿ
‘ಅವಳು ಹೊರಗಿದಾಳೆ’ ಅನ್ನುತ್ತಿದ್ದಳು.
ಕಾಗೆ ಮುಟ್ಟಿತು ಅಂತ ತಮ್ಮನಿಗೆ ಹೇಳಿದ್ದರು.
ಪಾಪ, ಮೂರು ದಿನ ಅವನು
ಊರ ಕಾಗೆಗಳಿಗೆಲ್ಲ ಕಲ್ಲು ಹೊಡೆದ.
ನಾಲ್ಕನೆಯ ದಿನ ನನ್ನ ತಲೆಗೆ ನೀರು, ಒಳಗೆ ದಾರಿ.
ಕವಡೆಗೆ ನಾಲ್ಕನೆಯ ದಿನ ಯಾವುದು?

ಮೂರು ತಿಂಗಳಲ್ಲಿ ಎದೆ ಹಗುರಾಯಿತು.
ಸುಳ್ಳು ಹೇಳಬಾರದು, ನಿದ್ದೆ ಸೊಗಸಾಗಿ ಬಂತು.
ಎದುರುಮನೆ ಸುಗುಣಮ್ಮ ನಕ್ಕರು:
‘ಡಾಕ್ಟ್ರು ಗಂಡನ್ನ ಹೊರಗಿಡು ಅಂದಿದ್ರೆ
ಇಷ್ಟು ಬೇಗ ಒಪ್ತಿದ್ಯಾ?’
ಯೋಚಿಸಬೇಕಾಯಿತು ಸ್ವಲ್ಪ.

ದಸರೆ ಹತ್ತಿರವಾಯಿತು.
ಅರಮನೆ ಕಡೆ ಕುಶಾಲತೋಪಿನ ತಾಲೀಮು.
ಆನೆ ಕುದುರೆ ಬೆದರದಿರಲೆಂದು ಮೊದಲೇ ಸದ್ದು ಕೇಳಿಸುತ್ತಾರೆ;
ನಾಯಿಗಳ ತಾಲೀಮು ಯಾವ ಪಟ್ಟಿಯಲ್ಲೂ ಇಲ್ಲ.
ಮೊದಲ ಗುಂಡಿಗೆ ಕಿಟಕಿ ಗಾಜು ಗಲಗಲ.
ಎರಡನೆಯದಕ್ಕೆ ಕವಡೆಯ ಮೈನಡುಕ
ಕದದ ಹಲಗೆ ದಾಟಿ
ನನ್ನ ಅಂಗೈಗೇ ಬಂತು.
ಚಿಲಕ ತೆಗೆದೆ.
‘ಬಾರೇ ಒಳಗೆ. ಬಾ.’

ಹೊಸ್ತಿಲ ಅರಿಶಿನದವರೆಗೆ ಮೂಗು ತಂದು ನಿಂತಿತು.
ನನ್ನ ಮುಖ ನೋಡಿತು. ಬೆರಳು ನೋಡಿತು.
ಬರಲಿಲ್ಲ.
ಹೀಗೆಯೇ ನಾನೂ ಕಲಿತಿದ್ದೆ.
ಜಗಲಿಗೆ ಹಾವು ಬಂದ ಮಧ್ಯಾಹ್ನ,
ಬಾಗಿಲು ತೆರೆದೇ ಇತ್ತು,
ಒಳಗೆ ಓಡಿರಲಿಲ್ಲ.

ಮೂರನೆಯ ಗುಂಡಿಗೆ ನಾನೇ ದಾಟಿದೆ.
ಸೆರಗು ಮೂಗಿಗೆ ಕಟ್ಟಿಕೊಂಡು,
ಒಂದು ಕೈಯಲ್ಲಿ ಪಂಪು,
ಇನ್ನೊಂದು ಅದರ ಕಿವಿಯ ಮೇಲೆ.
‘ಎಲ್ಲಿದೀಯೇ?’ ಇವರ ದನಿ ಒಳಗಿಂದ.
‘ಹೊರಗಿದೀನಿ.’
ಇಪ್ಪತ್ತೊಂದೂ ಎಣಿಸೋಣವೆಂದುಕೊಂಡೆ
ಅದರ ಕಿವಿಯಲ್ಲಿ, ಮೆಲ್ಲಗೆ.
ಹದಿನಾಲ್ಕಕ್ಕೆ ಸೀನು ಬಂತು,
ಲೆಕ್ಕ ತಪ್ಪಿತು.